ತರಗತಿಯೊಳಗೆ ರಾಜಕಥೆ ಬೇಡ

‘ಆಂಧ್ರಪ್ರದೇಶದ ರಾಜಧಾನಿ ಯಾವುದು?’ ಐದನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಇದಕ್ಕಿಂತ ಸರಳವಾದ ಪ್ರಶ್ನೆ ಇರಲಾರದು. ಒಂದು ಅಂಕ, ಒಂದು ಪದ, ಒಂದು ಉತ್ತರ. ಆದರೆ 2019ರ ಡಿಸೆಂಬರಿನಿಂದ 2024ರ ಜೂನ್‌ವರೆಗೆ ಆ ರಾಜ್ಯದ ಶಿಕ್ಷಕರಿಗೆ ಈ ಒಂದು ಅಂಕದ ಪ್ರಶ್ನೆಗಿಂತ ಕಠಿಣವಾದುದು ಮತ್ತೊಂದಿರಲಿಲ್ಲ.

2014ರ ಜೂನ್ 2ರಂದು ರಾಜ್ಯ ವಿಭಜನೆಯಾದಾಗ ಹೈದರಾಬಾದು ಹತ್ತು ವರ್ಷಗಳ ಅವಧಿಗೆ ಉಭಯ ರಾಜ್ಯಗಳ ಸಾಮಾನ್ಯ ರಾಜಧಾನಿಯಾಯಿತು. 2015ರ ಅಕ್ಟೋಬರ್ 22ರಂದು ಪ್ರಧಾನಿ ನರೇಂದ್ರ ಮೋದಿಯವರು ವಿಜಯವಾಡದ ಸಮೀಪದ ಅಮರಾವತಿಯಲ್ಲಿ ಹೊಸ ರಾಜಧಾನಿಗೆ ಶಿಲಾನ್ಯಾಸ ಮಾಡಿದರು. 2019ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ದೇಶದ ಹೊಸ ನಕ್ಷೆಯಲ್ಲಿ ಅಮರಾವತಿಯ ಹೆಸರೇ ಇರಲಿಲ್ಲ. ಲೋಕಸಭೆಯಲ್ಲಿ ಪ್ರಶ್ನೆ ಎದ್ದ ಮೇಲೆ ಅದೇ ತಿಂಗಳಲ್ಲಿ ತಿದ್ದುಪಡಿಯಾಯಿತು. ಮರುತಿಂಗಳು, ಡಿಸೆಂಬರ್ 17ರಂದು, ಮುಖ್ಯಮಂತ್ರಿ ವೈ. ಎಸ್. ಜಗನ್ ಮೋಹನ್ ರೆಡ್ಡಿಯವರು ವಿಧಾನಸಭೆಯಲ್ಲಿ ಮೂರು ರಾಜಧಾನಿಗಳ ವಿಚಾರವನ್ನು ಮುಂದಿಟ್ಟರು: ಆಡಳಿತಕ್ಕೆ ವಿಶಾಖಪಟ್ಟಣ, ಶಾಸನಸಭೆಗೆ ಅಮರಾವತಿ, ನ್ಯಾಯಾಂಗಕ್ಕೆ ಕರ್ನೂಲು. 2020ರಲ್ಲಿ ಅದು ಕಾಯಿದೆಯಾಯಿತು, 2021ರ ನವೆಂಬರಿನಲ್ಲಿ ಹಿಂತೆಗೆಯಲ್ಪಟ್ಟಿತು. 2022ರ ಮಾರ್ಚ್ 3ರಂದು ಹೈಕೋರ್ಟು ಅಮರಾವತಿಯ ಪರವಾಗಿ ತೀರ್ಪಿತ್ತಿತು. 2024ರ ಜೂನಿನಲ್ಲಿ ಸರ್ಕಾರ ಬದಲಾಗಿ, ಅಮರಾವತಿಯೊಂದೇ ರಾಜಧಾನಿ ಎಂದು ಚಂದ್ರಬಾಬು ನಾಯ್ಡು ಅವರು ಸಾರಿದರು.

ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವೆ ಸುಮಾರು 350 ಕಿಲೋಮೀಟರ್ ದೂರ. ಒಂದೂರಿನಲ್ಲಿ ರಾಜಧಾನಿಯೆಂದರೆ ನಗರದ ಭವಿಷ್ಯ. ಇನ್ನೊಂದೂರಿನಲ್ಲಿ ಅದು ಕೃಷ್ಣೆಯ ಆಚೆ ದಂಡೆಯ 29 ಗ್ರಾಮಗಳ ರೈತರು ನಂಬಿ ಭೂಮಿ ಒಪ್ಪಿಸಿದ ಮಾತು. ಎರಡೂ ಊರುಗಳ ಮಕ್ಕಳ ಚೀಲದಲ್ಲಿದ್ದುದು ಒಂದೇ ಸರ್ಕಾರದ ಪಠ್ಯಪುಸ್ತಕ. ಪುಸ್ತಕ ಮೌನವಾದೆಡೆ ಶಿಕ್ಷಕನ ಬಾಯಿಯೇ ಪುಸ್ತಕವಾಗುತ್ತದೆ. ಆಗ ಅವನ ಮುಂದೆ ಎರಡು ದಾರಿಗಳಿರುತ್ತವೆ. ‘ಇಲ್ಲಿಯವರೆಗೆ ಹೀಗೆ ನಡೆದಿದೆ, ವಿಷಯ ಇನ್ನೂ ಇತ್ಯರ್ಥವಾಗಿಲ್ಲ, ಒಂದು ಕಡೆಯವರು ಹೀಗೆನ್ನುತ್ತಾರೆ, ಮತ್ತೊಂದು ಕಡೆಯವರು ಹಾಗೆನ್ನುತ್ತಾರೆ’ ಎಂದು ಹೇಳುವುದು ಒಂದು ದಾರಿ. ‘ನಮ್ಮೂರಿಗೆ ಬಂದ ಭಾಗ್ಯವನ್ನು ಆ ಪಕ್ಷದವರು ತಪ್ಪಿಸುತ್ತಿದ್ದಾರೆ’ ಎನ್ನುವುದು ಇನ್ನೊಂದು. ಮೊದಲನೆಯದು ಪಾಠ, ಎರಡನೆಯದು ಪ್ರಚಾರ. ಹತ್ತು ವರ್ಷದ ಮಗುವಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಆದುದರಿಂದಲೇ ಅದನ್ನು ತಿಳಿದಿರಬೇಕಾದ ಹೊಣೆ ಪೂರ್ತಿಯಾಗಿ ಶಿಕ್ಷಕನದು.

ಪ್ರಾಥಮಿಕ ಶಾಲೆಯ ತರಗತಿ ಸಾರ್ವಜನಿಕ ಸಭೆಯಲ್ಲ. ಸಭೆಗೆ ಬಂದವನು ಭಾಷಣ ಹಿಡಿಸದಿದ್ದರೆ ಎದ್ದು ಹೋಗಬಹುದು, ಎದುರು ಪ್ರಶ್ನೆ ಕೇಳಬಹುದು, ಮರುದಿನ ಬೇರೊಂದು ಸಭೆಗೆ ಹೋಗಬಹುದು. ಮಗುವಿಗೆ ಈ ಮೂರರಲ್ಲಿ ಒಂದೂ ಸಾಧ್ಯವಿಲ್ಲ. ಹಾಜರಿ ಕಡ್ಡಾಯ, ಎದುರು ಮಾತು ಅವಿನಯ, ಅಂಕ ಕೊಡುವವನೂ ಭಾಷಣ ಮಾಡುವವನೂ ಒಬ್ಬನೇ. ನಲವತ್ತು ಮಕ್ಕಳ ನಡುವೆ ಮನೆಮಾತು, ಮತ, ಊರು ಎಲ್ಲವೂ ಬೇರೆಯಾಗಿರುವ ಒಂದು ಮಗು ಕುಳಿತಿದ್ದರೆ ಅದರ ಸ್ಥಿತಿ ಇನ್ನೂ ಸೂಕ್ಷ್ಮ. ಉದ್ಯೋಗಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಕರ್ನಾಟಕದಿಂದ ಹೊರಟು ಅನ್ಯರಾಜ್ಯಗಳ ನಗರಗಳಲ್ಲಿ ನೆಲೆಸಿದ ಜೈನ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು ಎಂದು ಮೂರು ಭಾಷೆಗಳನ್ನು ಹೊತ್ತು ಸಾಗುವ ಮಗು, ಶಿಕ್ಷಕರು ‘ನಾವು’ ಮತ್ತು ‘ಅವರು’ ಎಂದು ವಿಂಗಡಿಸಿದ ಕ್ಷಣದಲ್ಲಿ ತಾನು ಯಾವ ಪಾಲಿನದೆಂದು ತಿಳಿಯದೆ ತಲೆ ತಗ್ಗಿಸುತ್ತದೆ. ಆ ಮಗು ಅಂದು ಕಲಿಯುವ ನಿಜವಾದ ಪಾಠ ಸುಮ್ಮನಿರುವುದು.

ಸಂವಿಧಾನದ 28ನೆಯ ವಿಧಿ ಇಲ್ಲಿ ನೆನಪಿಗೆ ಬರಬೇಕು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ನೀಡುವ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ, ಪೋಷಕರ ಒಪ್ಪಿಗೆಯಿಲ್ಲದೆ, ಯಾವ ಮಗುವನ್ನೂ ಒತ್ತಾಯಿಸುವಂತಿಲ್ಲ. ಧರ್ಮದಂತಹ ಗಂಭೀರ ವಿಷಯಕ್ಕೇ ತಂದೆತಾಯಿಗಳ ಅನುಮತಿ ಬೇಕೆಂದ ಮೇಲೆ, ಐದು ವರ್ಷಕ್ಕೊಮ್ಮೆ ಬಣ್ಣ ಬದಲಿಸುವ ಪಕ್ಷನಿಷ್ಠೆಯನ್ನು ಯಾರ ಅನುಮತಿಯೂ ಇಲ್ಲದೆ ಮಗುವಿನ ಮನಸ್ಸಿಗೆ ತುಂಬುವ ಅಧಿಕಾರ ಶಿಕ್ಷಕನಿಗೆ ಎಲ್ಲಿಂದ ಬಂತು?

‘ಶಿಕ್ಷಕನೂ ಪ್ರಜೆಯಲ್ಲವೇ?’ ಎಂಬುದು ಮೊದಲ ಆಕ್ಷೇಪ. ಖಂಡಿತವಾಗಿಯೂ ಹೌದು. 2022ರ ಫೆಬ್ರವರಿ 3ರಂದು ವೇತನ ಪರಿಷ್ಕರಣೆಯ ವಿರುದ್ಧ ಸಾವಿರಾರು ಸರ್ಕಾರಿ ನೌಕರರೂ ಶಿಕ್ಷಕರೂ ‘ಚಲೋ ವಿಜಯವಾಡ’ ಎಂದು ಹೊರಟು ಆ ನಗರದ ಬಿ.ಆರ್.ಟಿ.ಎಸ್. ರಸ್ತೆಯನ್ನು ತುಂಬಿದರು. ಸಂಬಳಕ್ಕಾಗಿ ಬೀದಿಗಿಳಿಯುವ ಶಿಕ್ಷಕನನ್ನು ಹಳಿಯುವವರ ಮಾತಿಗೆ ಇಲ್ಲಿ ಎಡೆಯಿಲ್ಲ. ವಿಧಾನ ಪರಿಷತ್ತಿನಲ್ಲಿ ಹನ್ನೆರಡನೆಯ ಒಂದು ಭಾಗದಷ್ಟು ಸ್ಥಾನಗಳನ್ನು ಸಂವಿಧಾನವೇ ಶಿಕ್ಷಕರ ಮತಕ್ಷೇತ್ರಗಳಿಗೆ ಮೀಸಲಿಟ್ಟಿದೆ. ಆ ಮತದಾನದ ಹಕ್ಕು ಪ್ರೌಢಶಾಲೆಯ ಮಟ್ಟಕ್ಕಿಂತ ಕೆಳಗಿನ ಶಿಕ್ಷಕರಿಗೆ ಇಲ್ಲವೆಂಬುದು ಪ್ರಾಥಮಿಕ ಶಿಕ್ಷಕರ ನ್ಯಾಯವಾದ ಕೊರಗು. ಅದಕ್ಕಾಗಿ ಅವರು ಹೋರಾಡಲಿ. ಆದರೆ 1964ರ ಆಂಧ್ರಪ್ರದೇಶ ನಾಗರಿಕ ಸೇವಾ ನಡತೆ ನಿಯಮಗಳು ಸರ್ಕಾರಿ ನೌಕರನು ರಾಜಕೀಯ ಪಕ್ಷದ ಸದಸ್ಯನಾಗುವುದನ್ನೇ ನಿಷೇಧಿಸಿವೆ. ಹಾಗಿರುವಾಗ ಪಕ್ಷದ ವಕ್ತಾರನಾಗಿ ಕಪ್ಪುಹಲಗೆಯ ಮುಂದೆ ನಿಲ್ಲುವುದು ನಾಗರಿಕ ಹಕ್ಕು ಹೇಗಾದೀತು?

ಕಂಪನಿ ಕಾಯಿದೆಯ ಪ್ರಕಾರ ಲೆಕ್ಕಪರಿಶೋಧಕನು ತಾನು ಪರಿಶೋಧಿಸುವ ಕಂಪನಿಯ ಒಂದೇ ಒಂದು ಷೇರನ್ನೂ ಹೊಂದಿರುವಂತಿಲ್ಲ. ಅವನು ಆಸ್ತಿಯನ್ನೇ ಮಾಡಬಾರದೆಂದು ಕಾಯಿದೆ ಹೇಳುವುದಿಲ್ಲ. ಬೇರೆ ಕಂಪನಿಗಳ ಷೇರು ಕೊಳ್ಳಲು ಅವನಿಗೆ ಸ್ವಾತಂತ್ರ್ಯವಿದೆ. ಯಾರು ತನ್ನ ಮಾತನ್ನು ಸ್ವತಃ ಪರೀಕ್ಷಿಸಲಾಗದೆ ನಂಬಿ ಕುಳಿತಿದ್ದಾರೋ ಅವರ ವಿಷಯದಲ್ಲಿ ಅವನಿಗೆ ಸ್ವಹಿತವಿರಬಾರದು, ಇದೆಯೆಂದು ತೋರಲೂಬಾರದು ಎಂಬುದಷ್ಟೇ ಅಲ್ಲಿನ ತತ್ತ್ವ. ವರದಿಯನ್ನು ನಂಬುವ ಷೇರುದಾರನಾದರೂ ವಯಸ್ಕ. ಬೇಕೆಂದರೆ ಲೆಕ್ಕಪುಸ್ತಕ ಕೇಳಬಲ್ಲ, ವಕೀಲನನ್ನು ಇಡಬಲ್ಲ. ಎರಡನೆಯ ತರಗತಿಯ ಮಗುವಿಗೆ ಆ ಉಪಾಯವೂ ಇಲ್ಲ. ಹಣದ ವಿಷಯದಲ್ಲಿ ದೇಶ ಇಟ್ಟುಕೊಂಡ ಎಚ್ಚರವನ್ನು ಮನಸ್ಸಿನ ವಿಷಯದಲ್ಲಿ ಇಟ್ಟುಕೊಳ್ಳದಿದ್ದರೆ ಅದು ವಿಚಿತ್ರವೇ ಸರಿ.

ಎರಡನೆಯ ಆಕ್ಷೇಪ ಹೆಚ್ಚು ಬುದ್ಧಿವಂತಿಕೆಯದು: ಶಿಕ್ಷಣವೆಂಬುದೇ ರಾಜಕೀಯ, ತಟಸ್ಥತೆಯೆಂಬುದು ಅನ್ಯಾಯದ ಮುಂದಿನ ಮೌನ. ಇದಕ್ಕೆ ಉತ್ತರ ವಿಷಯಕ್ಕೂ ನಿಲುವಿಗೂ ಇರುವ ಭೇದದಲ್ಲಿದೆ. ಅಸ್ಪೃಶ್ಯತೆ ಅಪರಾಧವೆಂದು ಮಕ್ಕಳಿಗೆ ಕಲಿಸುವುದು ಪಕ್ಷಪಾತವಲ್ಲ. ಸಂವಿಧಾನವೇ ಅದನ್ನು ಇತ್ಯರ್ಥ ಮಾಡಿದೆ. ಮತದಾನವೆಂದರೇನು, ನ್ಯಾಯಾಲಯವೆಂದರೇನು, ನದಿಯ ನೀರಿಗಾಗಿ ರಾಜ್ಯಗಳು ಏಕೆ ಜಗಳವಾಡುತ್ತವೆ ಎಂಬುದನ್ನು ಕಲಿಸದ ಶಾಲೆ ಶಾಲೆಯೇ ಅಲ್ಲ. ವಿಶಾಖಪಟ್ಟಣದ ಉಕ್ಕು ಕಾರ್ಖಾನೆಯ ನಿದರ್ಶನ ನೋಡಬಹುದು. 1966ರ ಚಳವಳಿಯಲ್ಲಿ ಪ್ರಾಣಗಳು ಹೋದುವು; ‘ವಿಶಾಖ ಉಕ್ಕು, ಆಂಧ್ರರ ಹಕ್ಕು’ ಎಂಬ ಘೋಷಣೆ ಮನೆಮನೆಯ ಮಾತಾಯಿತು. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಖಾಸಗೀಕರಣಕ್ಕೆ ಒಪ್ಪಿಗೆ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಸರ್ಕಾರ 11,440 ಕೋಟಿ ರೂಪಾಯಿಗಳ ಪುನಶ್ಚೇತನ ನೆರವನ್ನು ಮಂಜೂರು ಮಾಡಿತು. ಆ ನಗರದ ತರಗತಿಗಳಲ್ಲಿ ಕಾರ್ಖಾನೆಯ ಕಾರ್ಮಿಕರ ಮಕ್ಕಳು ಕುಳಿತಿರುವಾಗ ಈ ವಿಷಯವನ್ನು ಶಿಕ್ಷಕನು ಮುಟ್ಟಬಾರದೆಂದರೆ ಅದು ಹೇಡಿತನ. ಕಾರ್ಖಾನೆ ಹೇಗೆ ಬಂತು, ಯಾರು ಸತ್ತರು, ಖಾಸಗೀಕರಣವೆಂದರೇನು, ಬೇಕೆನ್ನುವವರ ಕಾರಣವೇನು, ಬೇಡವೆನ್ನುವವರ ಕಾರಣವೇನು ಎಂಬುದನ್ನೆಲ್ಲ ಅವನು ಹೇಳಲಿ. ಕೊನೆಯ ವಾಕ್ಯವನ್ನು ಮಾತ್ರ ಮಗುವಿಗೆ ಬಿಡಲಿ.

ಅನ್ಯದೇಶಗಳು ಈ ಗೆರೆಯನ್ನು ಎಂದೋ ಎಳೆದಿವೆ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯಿದೆ ಯಾವುದೇ ವಿಷಯದ ಬೋಧನೆಯಲ್ಲಿ ಪಕ್ಷಪಾತದ ರಾಜಕೀಯ ಅಭಿಪ್ರಾಯಗಳ ಪ್ರಚಾರವನ್ನು ನಿಷೇಧಿಸುತ್ತದೆ. ರಾಜಕೀಯ ವಿಷಯ ಬಂದಾಗ ಭಿನ್ನ ದೃಷ್ಟಿಗಳ ಸಮತೋಲನದ ನಿರೂಪಣೆ ಇರಬೇಕೆನ್ನುತ್ತದೆ. ಶಾಲೆಯೊಳಗೇ ಮಕ್ಕಳನ್ನು ಪಕ್ಷಕ್ಕೆ ಒಗ್ಗಿಸಿದ ಹಿಟ್ಲರನ ಕಾಲವನ್ನು ಕಂಡ ಜರ್ಮನಿಯಲ್ಲಿ, 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿದ ಶಿಕ್ಷಣತಜ್ಞರ ಚರ್ಚೆಯಿಂದ ಮೂರು ಸೂತ್ರಗಳು ಮೂಡಿದುವು: ವಿದ್ಯಾರ್ಥಿಯನ್ನು ಒಂದು ಅಭಿಪ್ರಾಯದಿಂದ ಮುಳುಗಿಸಬಾರದು, ಸಮಾಜದಲ್ಲಿ ವಿವಾದವಾಗಿರುವುದು ತರಗತಿಯಲ್ಲಿಯೂ ವಿವಾದವಾಗಿಯೇ ಕಾಣಬೇಕು, ತನ್ನ ಸ್ಥಿತಿಯನ್ನು ತಾನೇ ತೂಗಿ ನೋಡುವ ಶಕ್ತಿ ವಿದ್ಯಾರ್ಥಿಗೆ ಬರಬೇಕು. ಭಾರತದ 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣವೂ ಮಗುವನ್ನು ಭಯದಿಂದ ಮುಕ್ತಗೊಳಿಸಬೇಕು, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ಅದಕ್ಕೆ ನೆರವಾಗಬೇಕು ಎನ್ನುತ್ತದೆ. ಮಗುವಿನ ಅಭಿಪ್ರಾಯ ಎಂಬ ಮಾತಿಗೆ ಅಡಿಗೆರೆ ಹಾಕಬೇಕು. ಶಿಕ್ಷಕನ ಅಭಿಪ್ರಾಯಕ್ಕೆ ಮಗುವಿನ ಬಾಯಿಯನ್ನು ಎರವಲು ಪಡೆಯುವುದಕ್ಕೆ ಆ ಕಾಯಿದೆಯಲ್ಲಿ ಅವಕಾಶವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಶಿಕ್ಷಕನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ ಅನ್ಯಾಯವಾದೀತು. ತರಗತಿಗೆ ರಾಜಕೀಯವನ್ನು ಮೊದಲು ಹೊತ್ತು ತಂದದ್ದು ಸರ್ಕಾರಗಳೇ. ಅವಿಭಜಿತ ಆಂಧ್ರದಲ್ಲಿ ಸರ್ವ ಶಿಕ್ಷಾ ಅಭಿಯಾನವನ್ನು ‘ರಾಜೀವ್ ವಿದ್ಯಾ ಮಿಷನ್’ ಎಂದು ಕರೆಯಲಾಯಿತು. 2020ರ ಅಕ್ಟೋಬರ್ 8ರಂದು ವಿಜಯವಾಡದ ಬಳಿಯ ಪುನಾದಿಪಾಡು ಶಾಲೆಯಲ್ಲಿ ಆರಂಭವಾದ ಸಮವಸ್ತ್ರ, ಪುಸ್ತಕ, ಬೂಟು, ಚೀಲಗಳ ವಿತರಣೆಗೆ ‘ಜಗನನ್ನ ವಿದ್ಯಾ ಕಾನುಕ’ ಎಂದು ಹೆಸರಾಯಿತು. ಮಧ್ಯಾಹ್ನದ ಊಟ ‘ಜಗನನ್ನ ಗೋರುಮುದ್ದ’ ಆಯಿತು. ಗೋರುಮುದ್ದ ಎಂದರೆ ತೆಲುಗಿನಲ್ಲಿ ತಾಯಿ ಮಗುವಿಗೆ ಅಕ್ಕರೆಯಿಂದ ತಿನ್ನಿಸುವ ಕೈತುತ್ತು. ತಾಯಿಯ ಕೈತುತ್ತಿಗೂ ಮುಖ್ಯಮಂತ್ರಿಯ ಹೆಸರು! ಅದಕ್ಕೆ ಹಿಂದಿನ ಸರ್ಕಾರವೂ ‘ಚಂದ್ರನ್ನ ಬೀಮಾ’, ‘ಚಂದ್ರನ್ನ ಕಾನುಕ’ ಎಂದು ತನ್ನ ನಾಯಕನ ಹೆಸರನ್ನು ಮನೆಮನೆಗೆ ಮುಟ್ಟಿಸಿತ್ತು. 2024ರ ಜುಲೈಯಲ್ಲಿ ಹೊಸ ಸರ್ಕಾರ ಶಾಲಾ ಯೋಜನೆಗಳಿಗೆ ಸರ್ವೇಪಲ್ಲಿ ರಾಧಾಕೃಷ್ಣನ್, ಡೊಕ್ಕಾ ಸೀತಮ್ಮ, ಅಬ್ದುಲ್ ಕಲಾಂ ಅವರ ಹೆಸರುಗಳನ್ನಿಟ್ಟಿತು. ಬದುಕಿರುವ ರಾಜಕಾರಣಿಯ ಹೆಸರಿಗಿಂತ ಇದು ಎಷ್ಟೋ ಮೇಲು, ಮೆಚ್ಚಬೇಕಾದ ಹೆಜ್ಜೆ. ಈ ಹೆಜ್ಜೆ ಮುಂದಿನ ಚುನಾವಣೆಯ ನಂತರವೂ ಉಳಿದರೆ ಮಾತ್ರ ಅದು ತತ್ತ್ವವೆನಿಸುತ್ತದೆ.

ಚೀಲದ ದುಡ್ಡು ಯಾರದು? ತೆರಿಗೆ ಕಟ್ಟಿದವರದು. ಖರ್ಚು ಮಾಡುವ ಅಧಿಕಾರವಿದ್ದವನು ತನ್ನ ಹೆಸರು ಬರೆದುಕೊಂಡರೆ ಲೆಕ್ಕದ ಭಾಷೆಯಲ್ಲಿ ಅದಕ್ಕೆ ದುರುಪಯೋಗವೆಂದು ಹೆಸರು. 2020ರಲ್ಲಿ ಪಂಚಾಯತಿ ಕಚೇರಿಗಳಿಗೆ ಆಳುವ ಪಕ್ಷದ ಬಣ್ಣ ಬಳಿದಾಗ ಆಂಧ್ರ ಹೈಕೋರ್ಟು ಅಳಿಸುವಂತೆ ಆಜ್ಞಾಪಿಸಿತು; ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗೋಡೆಯ ಬಣ್ಣಕ್ಕೆ ಅನ್ವಯಿಸಿದ ನ್ಯಾಯ ಮಗುವಿನ ಬೆನ್ನಿನ ಚೀಲಕ್ಕೆ ಅನ್ವಯಿಸಬೇಡವೇ? ಇದಕ್ಕೆ ಪ್ರತಿಯಾಗಿ ನೆರೆಯ ತಮಿಳುನಾಡಿನ ಒಂದು ನಡೆಯನ್ನು ಸ್ಮರಿಸಬೇಕು. 2021ರಲ್ಲಿ ಅಧಿಕಾರಕ್ಕೆ ಬಂದ ಎಂ. ಕೆ. ಸ್ಟಾಲಿನ್ ಅವರು ಜಯಲಲಿತಾ ಮತ್ತು ಪಳನಿಸ್ವಾಮಿಯವರ ಚಿತ್ರಗಳು ಅದಾಗಲೇ ಅಚ್ಚಾಗಿದ್ದ ಸುಮಾರು 65 ಲಕ್ಷ ಶಾಲಾ ಚೀಲಗಳನ್ನು ಹಾಗೆಯೇ ಹಂಚುವಂತೆ ಹೇಳಿದರು. 13 ಕೋಟಿ ರೂಪಾಯಿ ಉಳಿಯಿತು. ಎದುರಾಳಿಯ ಚಿತ್ರವಿರುವ ಚೀಲವನ್ನು ಹಂಚುವುದು ಔದಾರ್ಯ. ಯಾರ ಚಿತ್ರವೂ ಇಲ್ಲದ ಚೀಲವನ್ನು ಹೊಲಿಸುವುದು ಧರ್ಮ.

ಶಿಕ್ಷಕನನ್ನು ಸರ್ಕಾರ ನಡೆಸಿಕೊಂಡ ರೀತಿಯನ್ನೂ ಮರೆಯಲಾಗದು. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಸಡಿಲಗೊಂಡು ಮದ್ಯದಂಗಡಿಗಳು ತೆರೆದಾಗ, ವಿಶಾಖಪಟ್ಟಣ ಜಿಲ್ಲೆಯಲ್ಲಿ ಸಾಲು ನಿಯಂತ್ರಿಸುವ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಲಾಯಿತು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನುಳಿದು ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ಬಳಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತಿದ್ದರೂ ಹೀಗಾಯಿತು. ಬೆಳಗ್ಗೆ ಹೆಂಡದಂಗಡಿಯ ಮುಂದೆ ನಿಲ್ಲಿಸಿ, ಸಂಜೆ ‘ಗುರುಗಳೇ, ತರಗತಿಯ ಪಾವಿತ್ರ್ಯ ಕಾಪಾಡಿ’ ಎಂದು ಉಪದೇಶಿಸುವ ಆಡಳಿತದ ಮಾತಿಗೆ ತೂಕವೆಲ್ಲಿಯದು?

ಇದು ಆಂಧ್ರದ ಕಾಯಿಲೆ ಮಾತ್ರವೆಂದು ತವರಿನ ಕಡೆ ನೆಮ್ಮದಿಯಿಂದ ನೋಡುವಂತಿಲ್ಲ. 2019ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದ ಕಲ್ಲಡ್ಕದ ಶಾಲೆಯೊಂದರ ಕ್ರೀಡೋತ್ಸವದಲ್ಲಿ ವಿದ್ಯಾರ್ಥಿಗಳು ಬಾಬರಿ ಮಸೀದಿಯ ಧ್ವಂಸವನ್ನು ಅಭಿನಯಿಸಿ ತೋರಿಸಿದರು. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರಲ್ಲಿ 4ರಿಂದ 6ನೆಯ ತರಗತಿಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ ನಾಟಕವಾಡಿದರು. ಒಂದಕ್ಕೆ ಚಪ್ಪಾಳೆ ತಟ್ಟಿದವರು ಇನ್ನೊಂದಕ್ಕೆ ಕೆರಳಿದರು. ಇದನ್ನು ಸಮರ್ಥಿಸಿದವರು ಅದನ್ನು ಖಂಡಿಸಿದರು. ಎರಡೂ ಕಡೆ ಹಿರಿಯರ ಸಂಭಾಷಣೆಯನ್ನು ಕಿರಿಯರ ಬಾಯಿಗಿಡಲಾಗಿತ್ತು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿದವರು ವಿರಳ.

ಬೀದರಿನ ಪ್ರಕರಣ ಮತ್ತೊಂದು ಪಾಠವನ್ನೂ ಕಲಿಸಿತು. ಒಬ್ಬ ಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ದೇಶದ್ರೋಹದ ಆರೋಪದ ಮೇಲೆ ಜೈಲು ಸೇರಿದರು. ಸಮವಸ್ತ್ರ ತೊಟ್ಟ ಪೊಲೀಸರು ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ಅದು ಮಕ್ಕಳ ಹಕ್ಕಿನ ಉಲ್ಲಂಘನೆಯೆಂದು 2021ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. 2023ರ ಜೂನಿನಲ್ಲಿ ಪ್ರಕರಣವನ್ನೇ ರದ್ದುಪಡಿಸಿತು. ಚಿಕ್ಕ ಮಕ್ಕಳನ್ನು ಸದ್ಯದ ರಾಜಕೀಯ ವಿವಾದಗಳಿಂದ ದೂರವಿಡುವುದು ಲೇಸೆಂಬ ಕಿವಿಮಾತನ್ನೂ ಅದೇ ತೀರ್ಪು ಶಾಲೆಗಳಿಗೆ ಹೇಳಿತು. ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿಯಬೇಕು. ತಪ್ಪು ಮಾಡಿದ ಶಾಲೆಯನ್ನು ತಿದ್ದಬೇಕಾದದ್ದು ಆಡಳಿತ ಮಂಡಳಿ ಮತ್ತು ಶಿಕ್ಷಣ ಇಲಾಖೆ, ಲಾಠಿಯಲ್ಲ, ಗುಂಪಲ್ಲ. 2024ರ ಫೆಬ್ರವರಿಯಲ್ಲಿ ಮಂಗಳೂರಿನ ಶಾಲೆಯೊಂದರ ಶಿಕ್ಷಕಿ ಧರ್ಮನಿಂದನೆ ಮಾಡಿದರೆಂಬ ಆರೋಪ ಬಂದಾಗ ಶಾಸಕರೇ ಶಾಲೆಯ ಗೇಟಿನ ಮುಂದೆ ನಿಂತು ಪ್ರತಿಭಟಿಸಿದರು. ಆರೋಪ ನಿಜವೋ ಸುಳ್ಳೋ, ಮಕ್ಕಳ ಪಾಲಿಗೆ ಆ ದಿನ ಗೇಟಿನ ಒಳಗೂ ಹೊರಗೂ ರಾಜಕೀಯವೇ. ಶಿಸ್ತುಕ್ರಮಕ್ಕೆ ಮುನ್ನ ಶಿಕ್ಷಕನ ಮಾತನ್ನು ಕೇಳಬೇಕೆಂದು ಕಾಯಿದೆಯ 24ನೆಯ ಪ್ರಕರಣ ವಿಧಿಸಿದೆ. ಆ ಮಾತನ್ನು ಕೇಳುವ ತಾಳ್ಮೆ ಗುಂಪಿಗೆ ಇರುವುದಿಲ್ಲ.

ಈಗ ಮಾತು ಜೈನ ಸಮಾಜದ ಅಂಗಳಕ್ಕೆ ಬರಬೇಕು. ಆಗಮಗಳು ವರ್ಜ್ಯವೆಂದ ವಿಕಥೆಗಳಲ್ಲಿ ಸ್ತ್ರೀಕಥೆ, ಭೋಜನಕಥೆಗಳ ಜೊತೆಗೆ ರಾಜಕಥೆಯೂ ಒಂದು. ಕುಂದಕುಂದಾಚಾರ್ಯರ ‘ನಿಯಮಸಾರ’ ಇಂತಹ ಮಾತುಗಳ ತ್ಯಾಗವನ್ನೇ ವಚನಗುಪ್ತಿಯೆಂದು ಹೇಳುತ್ತದೆ. ಗೃಹಸ್ಥನು ಮುನಿಯಲ್ಲ, ಅವನು ಮತ ಹಾಕಬೇಕು, ವಾದಿಸಬೇಕು. ಆದರೆ ಬೋಧಿಸುವ ಪೀಠದಲ್ಲಿ ಕುಳಿತಷ್ಟು ಹೊತ್ತು ಬಾಯಿಗೆ ಕಾವಲಿರಬೇಕೆಂಬ ವಿವೇಕ ಗೃಹಸ್ಥ ಶಿಕ್ಷಕನಿಗೂ ಸಲ್ಲುತ್ತದೆ. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಏಲೂರಿನ ಬಳಿ ಪ್ರಾಚೀನ ವೆಂಗಿಯಿದೆ. ಪಂಪನ ಪೂರ್ವಜರ ನಾಡು ಅದು. ಆ ಕವಿ ತನ್ನ ದೊರೆ ಅರಿಕೇಸರಿಯ ಕೀರ್ತಿಯನ್ನು ಲೌಕಿಕ ಕಾವ್ಯವಾದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಹಾಡಿದನು, ಜಿನಾಗಮವನ್ನು ‘ಆದಿಪುರಾಣ’ದಲ್ಲಿ ಬೆಳಗಿದನು. ಎರಡನ್ನೂ ಮಾಡಿದನು, ಎರಡಕ್ಕೂ ಬೇರೆ ಬೇರೆ ಗ್ರಂಥವಿಟ್ಟನು. ರಾಜನಿಷ್ಠೆಗೊಂದು ಎಡೆ, ಅರಿವಿಗೊಂದು ಎಡೆ ಎಂಬ ಈ ವಿವೇಕ 10ನೆಯ ಶತಮಾನದಲ್ಲೇ ಇತ್ತು.

ಅದೇ ವಿವೇಕ ಇಂದು ಸಮಾಜದ ಮನೆಗಳಲ್ಲಿದೆಯೇ? ಶಿಕ್ಷಕರು ತಮಗೆ ಒಗ್ಗದ ಪಕ್ಷವನ್ನು ಹೊಗಳಿದಾಗ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕಿಡಿ ಹಾರುತ್ತದೆ. ತಮಗೆ ಒಗ್ಗುವ ಪಕ್ಷವನ್ನು ಹೊಗಳಿದಾಗ ‘ಒಳ್ಳೆಯ ಸಂಸ್ಕಾರ ಕಲಿಸುತ್ತಿದ್ದಾರೆ’ ಎಂಬ ಮೆಚ್ಚುಗೆ ಬರುತ್ತದೆ. ಅನೇಕಾಂತವನ್ನು ಪರ್ಯೂಷಣದ ಪ್ರವಚನದಲ್ಲಿ ಕೊಂಡಾಡಿ, ಮಕ್ಕಳ ವಿಷಯದಲ್ಲಿ ಏಕಾಂತವನ್ನೇ ಬಯಸುವವರು ಶಿಕ್ಷಕರನ್ನು ದೂರುವ ಅರ್ಹತೆಯನ್ನು ಕಳೆದುಕೊಳ್ಳುತ್ತಾರೆ. ದೂರು ಕೊಡುವ ಮುನ್ನ ಪ್ರತಿ ತಂದೆತಾಯಿಯೂ ತಮಗೆ ತಾವೇ ಹಾಕಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದೇ ಧಾಟಿಯಲ್ಲಿ ಶಿಕ್ಷಕರು ತನ್ನ ಪಕ್ಷದ ಪರವಾಗಿ ಮಾತನಾಡಿದ್ದರೂ ಈ ದೂರು ಹೊರಡುತ್ತಿತ್ತೇ?

ಸಮಾಜದ ಶಿಕ್ಷಣ ಸಂಸ್ಥೆಗಳ ಹೊಣೆ ಇನ್ನೂ ದೊಡ್ಡದು. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯದ ಮನ್ನಣೆ ದೊರೆಯಿತು. ಅದೇ ವರ್ಷದ ಮೇ ತಿಂಗಳ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿದೆ. ತೀರ್ಪು ಉಳಿಯಲಿ, ಅಳಿಯಲಿ. ಕಾಯಿದೆಯ ಹಿಡಿತವಿಲ್ಲದ ಕಡೆ ಆತ್ಮಸಂಯಮವೇ ಕಾಯಿದೆಯಾಗಬೇಕು. ಅಣುವ್ರತದ ಹೆಸರಿನಲ್ಲಿ ನಡೆಯುವ ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಮಂತ್ರಿಗೆ ಹಾರ ಹಾಕಿಸಿ, ಮಕ್ಕಳಿಂದ ಅವರ ಗುಣಗಾನ ಹಾಡಿಸುವ ಆಡಳಿತ ಮಂಡಳಿ, ತನ್ನ ಶಿಕ್ಷಕನಿಂದ ನಿಷ್ಪಕ್ಷಪಾತವನ್ನು ನಿರೀಕ್ಷಿಸುವುದು ಹೇಗೆ?

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪ್ರತಿ ಶಾಲೆಯೂ ಒಂದು ಪುಟದ ನಿಯಮವನ್ನು ಬರೆದು ಶಿಕ್ಷಕರಿಗೂ ಪೋಷಕರಿಗೂ ಕೊಡಲಿ: ಪಕ್ಷದ ಚಿಹ್ನೆ, ಘೋಷಣೆ, ನಾಯಕರ ಸ್ತುತಿನಿಂದೆಗಳು ತರಗತಿಯಲ್ಲಿಲ್ಲ; ವಿವಾದದ ವಿಷಯ ಬಂದರೆ ಎರಡೂ ಪಕ್ಷಗಳ ವಾದವನ್ನು ಆಯಾ ಪಕ್ಷದವರು ಒಪ್ಪುವ ಮಾತಿನಲ್ಲಿ ಹೇಳಬೇಕು; ಮಗುವನ್ನು ‘ನಿಮ್ಮ ಮನೆಯವರು ಯಾರಿಗೆ ಮತ ಹಾಕಿದರು’ ಎಂದು ಕೇಳಬಾರದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯಿದೆಯಿದೆ. ಆ ಸಭೆಗಳಿಗೆ ಪೋಷಕರು ಹೋಗಲಿ. ದೂರಿದ್ದರೆ ಲಿಖಿತವಾಗಿ, ದಿನಾಂಕ ಹಾಕಿ, ಕೇಳಿದ ಮಾತನ್ನು ಕೇಳಿದಂತೆಯೇ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಲಿ. ಶಿಕ್ಷಕನ ಉತ್ತರ ಬರುವವರೆಗೆ ಅವನ ಹೆಸರು ಯಾವ ಮೊಬೈಲಿನಲ್ಲಿಯೂ ಓಡಾಡದಿರಲಿ. ಸರ್ಕಾರದ ಮಟ್ಟದಲ್ಲಿ ಬೇಕಾದದ್ದು ಒಂದೇ ಸಾಲಿನ ಕಾನೂನು: ಅಧಿಕಾರದಲ್ಲಿರುವ ಯಾವ ವ್ಯಕ್ತಿಯ ಹೆಸರೂ ಚಿತ್ರವೂ ಶಾಲೆಯ ಯಾವ ವಸ್ತುವಿನ ಮೇಲೂ ಇರಕೂಡದು.

ಇಂದು ಐದನೆಯ ತರಗತಿಯ ಮಗು ಆ ಒಂದು ಅಂಕದ ಪ್ರಶ್ನೆಗೆ ‘ಅಮರಾವತಿ’ ಎಂದು ಬರೆಯುತ್ತದೆ, ಅಂಕ ಪಡೆಯುತ್ತದೆ. ಆದರೆ ಆ ಐದು ವರ್ಷಗಳಲ್ಲಿ ಓದಿದ ಮಕ್ಕಳು ಆಗಲೇ ಪ್ರೌಢಶಾಲೆಗೆ, ಕಾಲೇಜಿಗೆ ಹೋಗಿದ್ದಾರೆ. ಅವರಲ್ಲಿ ಕೆಲವರು ಮುಂದಿನ ಚುನಾವಣೆಯಲ್ಲಿ ಮೊದಲ ಮತ ಹಾಕುತ್ತಾರೆ. ವಿವಾದವೊಂದನ್ನು ಎರಡು ಕಡೆಯಿಂದ ನೋಡುವುದನ್ನು ಅವರ ಶಿಕ್ಷಕರು ಕಲಿಸಿದ್ದರೆ ಆ ಮತ ಅವರದಾಗಿರುತ್ತದೆ. ಇಲ್ಲವಾದರೆ ಅದು, ಎಂದೋ ಒಂದು ಮಧ್ಯಾಹ್ನ ಕಪ್ಪುಹಲಗೆಯ ಮುಂದೆ ನಿಂತು ಮಾತನಾಡಿದ ಒಬ್ಬ ಶಿಕ್ಷಕನ ಎರಡನೆಯ ಮತವಾಗಿರುತ್ತದೆ.